ಬೆರಕೆ ಸೊಪ್ಪಿನ ಚರಿತ್ರೆ

ರಾಜರ ಊಟಕ್ಕೆ ಚರಿತ್ರೆ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಅಡುಗೆಯನ್ನು ಸಂಸ್ಕೃತದಲ್ಲಿ ಬರೆದಿಟ್ಟ. 16ನೇ ಶತಮಾನದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲೇ 'ಸೂಪಶಾಸ್ತ್ರ' ಬರೆದ. ನಮ್ಮ ಹಟ್ಟಿಗಳಲ್ಲಿ ದಿನಾ ಹೊತ್ತು ಮುಳುಗಿದ ಮೇಲೆ ಕುದಿಯುವ ಸಾರಿಗೆ ಮಾತ್ರ ಶಾಸ್ತ್ರವೂ ಇಲ್ಲ, ಚರಿತ್ರೆಯೂ ಇಲ್ಲ. ಯಾಕಿಲ್ಲ ಎಂದು ಪಠ್ಯಪುಸ್ತಕ ಕೇಳಲಿಲ್ಲ. ನಾವು ಕೇಳಬೇಕಾಗಿದೆ.

ಮೊದಲ ಪ್ರಶ್ನೆ: ನಮ್ಮ ಒಲೆ ರಾತ್ರಿಯೇ ಯಾಕೆ ಹೊತ್ತಿಕೊಳ್ಳುತ್ತಿತ್ತು? ಹಳೇ ಮೈಸೂರು ಸೀಮೆಯ ಬಯಲು ಹಳ್ಳಿಗಳಲ್ಲಿ ಕೂಲಿ ಅಂದರೆ ಬಹುಕಾಲ ಕಾಳೇ. ಹೊತ್ತು ಮುಳುಗೋವರೆಗೂ ಗೇಯ್ದು, ಉಳ್ಳವರ ಜಗಲಿಯ ಕೆಳಗೆ ಸೆರಗೊಡ್ಡಿ ನಿಂತರೆ ರಾಗಿ ಬೀಳುತ್ತಿತ್ತು. ಅದನ್ನು ತಂದು ಕೇರಬೇಕು, ರಾಗಿಕಲ್ಲಲ್ಲಿ ಬೀಸಬೇಕು, ಆಮೇಲೆ ಎಸರಿಡಬೇಕು. ಬೆಳಿಗ್ಗೆಗೆ ಉಳಿದರೆ ತಂಗಳು, ಹಿಟ್ಟು ಕಮ್ಮಿಯಾದರೆ ಅಂಬಲಿ. ಬಿಸಿ ಊಟ ಅಂತ ಇದ್ದದ್ದು ಇರುಳಿನದೊಂದೇ. ನಮ್ಮವರು ಉಣ್ಣುವ ಹೊತ್ತನ್ನು ಕೂಡ ಕಣದ ಯಜಮಾನ ತೀರ್ಮಾನಿಸಿದ. ಹಾಗಾಗಿ ಇರುಳೂಟದ ಚರಿತ್ರೆ ಅಂದರೆ ಕೂಲಿಯ ಚರಿತ್ರೆಯೇ.

ಎರಡನೇ ಪ್ರಶ್ನೆ: ಆ ಗಡಿಗೆಯಲ್ಲಿ ಏನಿತ್ತು? ಏನು ಸಿಕ್ಕಿತೋ ಅದಿತ್ತು. ಕಳೆ ಕೀಳಲು ಹೋದ ಅವ್ವ ಬದುವಿನ ಮೇಲಿಂದ ಮಡಿಲು ತುಂಬ ಸೊಪ್ಪು ಕುಯ್ದು ತರುತ್ತಿದ್ದಳು. ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ, ಕೀರೆ, ಜೊತೆಗೆ ಹಿತ್ತಲ ನುಗ್ಗೆ. ಎಲ್ಲ ಸೇರಿದರೆ ಬೆರಕೆ ಸೊಪ್ಪು. ಅದಕ್ಕೆ ಒಂದು ಹಿಡಿ ಹುರುಳಿಯೋ ಅಲಸಂದೆಯೋ ಹಾಕಿ ಬೇಯಿಸಿ ಬಸಿದರೆ ಒಂದೇ ಗಡಿಗೆಯಿಂದ ಎರಡು ಅಡುಗೆ. ಬಸಿದ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ ಅರೆದು ಹಾಕಿದರೆ ಬಸ್ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಾಯಿ ಇದ್ದರೆ ಕಾಯಿ, ಇಲ್ಲವಾದರೆ ಬೆಂದ ಕಾಳನ್ನೇ ಒಂದಿಷ್ಟು ಅರೆದರೆ ಸಾರು ಮಂದವಾಗುತ್ತದೆ. ಬಾಡು ಸಿಕ್ಕ ಕಾಲದಲ್ಲಿ ಒಣಗಿಸಿಟ್ಟ ತುಂಡುಗಳೂ ಅದೇ ಸಾರಿಗೆ ಬೀಳುತ್ತಿದ್ದವು. ಬಾಗಿಲಲ್ಲಿ ನಿಂತು "ಅವ್ವಾ, ಇನ್ನಿಬ್ರು ಬಂದವ್ರೆ" ಅಂದರೆ, ಒಳಗಿಂದ "ಬರ್ಲಿ ಬುಡು, ಇನ್ನೊಂದು ಚೆಂಬು ನೀರು ಉಯ್ತೀನಿ" ಎಂಬ ಉತ್ತರ. ಇದು ಲೆಕ್ಕ ಗೊತ್ತಿದ್ದವಳ ಮಾತು. ಯಾವ ಕಾಲೇಜೂ ಇದನ್ನು ವಿದ್ಯೆ ಎಂದು ಕರೆಯಲಿಲ್ಲ.

ಜಾತಿವಂತರ ಬಾಯಲ್ಲಿ 'ಬೆರಕೆ' ಒಂದು ಬೈಗುಳ. ಆದರೆ ನಮ್ಮ ತಟ್ಟೆಯ ಮೂಲ ಹುಡುಕಿ ನೋಡಿ. ರಾಗಿ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿ ಅಮೆರಿಕದ ನೆಲದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂತು. 1970ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಇಲ್ಲಿಯ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ 'ಇಂಡಾಫ್' ತಳಿಗಳನ್ನು ತಂದಾಗ ಇಳುವರಿ ಏರಿತು. ಶುದ್ಧವಾಗಿದ್ದರಿಂದಲ್ಲ, ಬೆರೆತದ್ದರಿಂದ ನಮ್ಮ ಹೊಟ್ಟೆ ತುಂಬಿತು. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಸೆರೆಯಲ್ಲಿ ಕೆಡದೆ ಉಳಿದ ರಾಗಿಯನ್ನೇ ಗೆಲ್ಲಿಸಿದರು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದ ಕಾಳು ಯಾವುದೆಂದು ದುಡಿಯುವವರಿಗೆ ಗೊತ್ತಿತ್ತು.

ಆದರೆ ಹಗೇವು ಇದ್ದದ್ದು ಯಾರ ಮನೆಯಲ್ಲಿ? ಈ ಪ್ರಶ್ನೆಗೆ 1876-78ರ ಬರ ಉತ್ತರ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ ಸುಮಾರು 50 ಲಕ್ಷ ಜನ. 1881ಕ್ಕೆ ಸುಮಾರು 42 ಲಕ್ಷ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಬಿಳಿ ಅಧಿಕಾರಿ, ಬರ ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಮ್ಮಿ. ಬೇಳೆ, ತರಕಾರಿ ಇಲ್ಲದೆ ಇಷ್ಟರಲ್ಲಿ ದುಡಿಯುವ ಜೀವ ಉಳಿಯದೆಂದು ಅಲ್ಲಿಯ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. ಕಾಳಿಗೆ ಸೊಪ್ಪು ಸೇರಬೇಕೆಂಬ ಆ ಮಾತು ನಮ್ಮ ಅಜ್ಜಿಯರಿಗೆ ಹೊಸದಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಬದು ಒಣಗಿದ ವರ್ಷ ಆ ತಿಳಿವಳಿಕೆ ಜೀವ ಉಳಿಸಲಿಲ್ಲ. ನೆಲವಿಲ್ಲದವರ ಜಾಣತನಕ್ಕೆ ಇಷ್ಟೇ ಆಯಸ್ಸು.

ಆದ್ದರಿಂದ ಗೆಳೆಯರೇ, ಬಡವರ ಊಟದ ರುಚಿಯನ್ನು ಹೊಗಳಿ ಪದ್ಯ ಕಟ್ಟುವ ಮೊದಲು ಕೊಂಚ ನಿಲ್ಲೋಣ. 1976ರಲ್ಲಿ ಜೀತ ರದ್ದತಿಯ ಕಾನೂನು ಬಂತು. 2013ರಲ್ಲಿ ಅನ್ನಭಾಗ್ಯ ಬಂತು. ಅಕ್ಕಿಗಾಗಿ ಸೆರಗೊಡ್ಡುವುದು ಕಮ್ಮಿಯಾಯಿತು. ಇದು ಸಣ್ಣ ಮಾತಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ನಮ್ಮನ್ನು ಹೀಯಾಳಿಸಲು ಬಳಸಿದ ರಾಗಿ ಈಗ ಪೇಟೆಯಲ್ಲಿ ಚಂದದ ಪೊಟ್ಟಣದೊಳಗೆ ಕೂತಿದೆ. ಇತ್ತ ಬದುವಿಗೆ ಕಳೆನಾಶಕ ಹೊಡೆದಲ್ಲಿ ಅಣ್ಣೆಸೊಪ್ಪು ಏಳುವುದಿಲ್ಲ. ಸೊಪ್ಪು ಹೋದರೆ ಹೆಸರೂ ಹೋಗುತ್ತದೆ, ಹೆಸರು ಬಲ್ಲ ಮುದುಕಿಯರೂ ಹೋಗುತ್ತಿದ್ದಾರೆ.

ಇನ್ನೊಂದು ಮಾತು ನಮ್ಮೊಳಗಿನದು. ಕೇರಿಯಲ್ಲಿ ಮೀಟಿಂಗು ಮುಗಿದಾಗ ಹತ್ತು ಗಂಟೆ. ಸಮಾನತೆಯ ಮಾತಾಡಿ ಗಂಟಲೊಣಗಿದ ನಾವು ಸಾಲಾಗಿ ಕೂತು ಮುದ್ದೆ ನುಂಗುತ್ತೇವೆ. ಹಗಲೆಲ್ಲ ಕೂಲಿ ಮಾಡಿ ಬಂದವಳು ಹೊಗೆಯಲ್ಲಿ ಕೂತು ಹಿಟ್ಟು ತೊಳಸುತ್ತಾಳೆ. ಕೊನೆಗೆ ಉಣ್ಣುವವಳೂ ಅವಳೇ. ಅಷ್ಟು ಹೊತ್ತಿಗೆ ಸಾರಿಗೆ ಮೂರು ಸಲ ನೀರು ಬಿದ್ದಿರುತ್ತದೆ. ಆ ಮೂರನೇ ಚೆಂಬಿನ ನೀಲುಸಾರು ಯಾರ ಪಾಲಿಗೆ ಎಂದು ನಮ್ಮ ಯಾವ ನಿರ್ಣಯವೂ ಬರೆದುಕೊಂಡಿಲ್ಲ. ಜಗಲಿಯ ಯಜಮಾನನನ್ನು ಪ್ರಶ್ನಿಸಿದ ನಾವು ಒಲೆಯ ಮುಂದೆ ಯಜಮಾನರಾಗಿಯೇ ಉಳಿದಿದ್ದೇವೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮಕ್ಕಳಿಗೆ ಹೇಳಿ, ಮನೆಯ ಹಿರಿಯ ಹೆಂಗಸರನ್ನು ಕೇಳಿ ಹತ್ತು ಸೊಪ್ಪಿನ ಹೆಸರು ಬರೆದು ತರಲಿ. ಅವರ ಕಾಲದಲ್ಲಿ ದಿನಕ್ಕೆಷ್ಟು ಕೂಲಿ, ಎಷ್ಟು ಜನ ಉಂಡರು, ಕೊನೆಗೆ ಉಂಡವರು ಯಾರು ಎಂಬುದನ್ನೂ ಬರೆಯಲಿ. ಗಂಡುಹುಡುಗರು ಒಂದು ದಿನ ಹಿಟ್ಟಿನ ಕೋಲು ಹಿಡಿದು ತೊಳಸಿ ನೋಡಲಿ, ರಟ್ಟೆ ನೋಯಲಿ. ಮುಂದಿನ ಮೀಟಿಂಗಿನಲ್ಲಿ ನಾವೂ ಅದನ್ನೇ ಮಾಡೋಣ. ಮೊದಲ ತಟ್ಟೆ ಅವಳಿಗಿಟ್ಟು, ಆಮೇಲೆ ಚರಿತ್ರೆಯ ಮಾತಾಡೋಣ.