ಕಿವಿಯ ಅಳತೆ, ಕಾಸಿನ ಅಳತೆ

1891ರ ಜೂನ್‌ನಲ್ಲಿ ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮೆರ್ಕಾಡಿಯೆ ಎಂಬವನಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಟೆಲಿಫೋನಿಗೆ ಕಿವಿಗೊಟ್ಟು ಕೂರುವವರ ಕೈ ಬಿಡುವಾಗಲಿ ಎಂದು ಅವನು ಕಿವಿಯೊಳಗೇ ಕೂರುವ ಎರಡು ಪುಟ್ಟ ರಿಸೀವರುಗಳ ಜೋಡಿ ಮಾಡಿದ್ದ. ಅದರ ಹೆಸರು ‘ಬೈ-ಟೆಲಿಫೋನ್’. ತೂಕ ಸುಮಾರು 50 ಗ್ರಾಂ. ತುದಿಗೊಂದೊಂದು ರಬ್ಬರ್ ಟೋಪಿ. ಆ ಟೋಪಿ ಯಾಕೆ ಬೇಕು ಎನ್ನುವುದಕ್ಕೆ ಅವನು ಕೊಟ್ಟ ಕಾರಣಗಳು ಎರಡು: ಕಿವಿಯ ಬಾಯಿಗೆ ಅದು ಉಜ್ಜಬಾರದು, ಹೊರಗಿನ ಸದ್ದು ಒಳಗೆ ಬರಬಾರದು. ಅಂದರೆ ಒಂದು ಹಿತದ ಮಾತು, ಇನ್ನೊಂದು ಧ್ವನಿಯ ಮಾತು. ಎರಡಕ್ಕೂ ಉತ್ತರ ಒಂದೇ ರಬ್ಬರಿನ ತುಂಡು.

ಇವತ್ತು ಇನ್-ಇಯರ್ ಮಾನಿಟರ್, ಚುಟುಕಾಗಿ ಐಇಎಂ, ಎಂದು ಕರೆಯುವ ವಸ್ತುವಿನ ವಿಮರ್ಶೆಗಳನ್ನು ಓದಿದರೆ ಈ ಎರಡು ಮಾತು ಬೇರೆಬೇರೆ ಮನೆ ಮಾಡಿಕೊಂಡಿರುವುದು ಕಾಣುತ್ತದೆ. ಧ್ವನಿಗೆ ಹತ್ತು ಪ್ಯಾರಾ, ಕೊನೆಯಲ್ಲಿ ‘ಧರಿಸಲು ಆರಾಮ’ ಎಂದು ಒಂದು ಸಾಲು. ಆ ಒಂದು ಸಾಲಿನ ಬಗ್ಗೆ ನನಗೆ ತಕರಾರಿದೆ. ಮೌಖಿಕ ಕಾವ್ಯದ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು. ಊರೂರಲ್ಲಿ ಮುದ್ರಿಸಿಕೊಂಡು ಬಂದ ಹಾಡುಗಳನ್ನು ಕೇಳಿ ಬರೆದಿಳಿಸುವುದೆಂದರೆ ದಿನಕ್ಕೆ ಐದಾರು ಗಂಟೆ ಕಿವಿಯಲ್ಲಿ ಏನಾದರೊಂದು ಇರಲೇಬೇಕು. ಫೆಲೋಶಿಪ್ ಹಣ ಬರುವ ರೀತಿ ಗೊತ್ತಿರುವವರಿಗೆ, ಎರಡು ಸಾವಿರ ರೂಪಾಯಿಯ ಮೇಲೆ ಯಾಕೆ ನೋಡಲಿಲ್ಲ ಎಂದು ಹೇಳಬೇಕಾಗಿಲ್ಲ.

ಆ ಬೆಲೆಗೆ ಇಷ್ಟು ಒಳ್ಳೆಯ ಧ್ವನಿ ಹೇಗೆ ಸಿಗುತ್ತದೆ ಎಂಬ ಕುತೂಹಲ ನನ್ನನ್ನು ಚರಿತ್ರೆಗೆ ಎಳೆಯಿತು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆಡೆರ್ ಒಪೇರಾದ ವೇದಿಕೆಗೆ ಟ್ರಾನ್ಸ್‌ಮಿಟರ್ ಜೋಡಿಸಿ, ದೂರದಲ್ಲಿ ನಿಂತವರು ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ಹಾಡು ಕೇಳುವಂತೆ ಮಾಡಿದ್ದ. ಮುಂದೆ ಅದು ಥಿಯೇಟ್ರೊಫೋನ್ ಎಂಬ ಚಂದಾ ಸೇವೆಯಾಯಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ 1911ರಲ್ಲಿ ಅದರ ಚಂದಾದಾರನಾಗಿದ್ದ. ಅದೇ ಸುಮಾರಿಗೆ, 1910ರಲ್ಲಿ, ಅಮೆರಿಕದ ಯೂಟಾದಲ್ಲಿ ನಥಾನಿಯೆಲ್ ಬಾಲ್ಡ್ವಿನ್ ಎಂಬಾತ ತನ್ನ ಅಡುಗೆಮನೆಯಲ್ಲಿ ಹೆಡ್‌ಫೋನ್ ಮಾಡಿ ನೌಕಾಪಡೆಗೆ ಮಾರಿದ. ಬಹಳ ಸೂಕ್ಷ್ಮವಾಗಿ ಸ್ಪಂದಿಸುವ ಅವನ ರಿಸೀವರಿನ ಒಳಗೆ ಅಯಸ್ಕಾಂತದ ನಡುವೆ ಸಮತೋಲದಲ್ಲಿ ನಿಂತ ಕಬ್ಬಿಣದ ಪಟ್ಟಿಯೊಂದಿತ್ತು. ಈ ತತ್ತ್ವವೇ ಕಾಲಾಂತರದಲ್ಲಿ ಕುಗ್ಗಿ ಕುಗ್ಗಿ ಅಕ್ಕಿಕಾಳಿಗಿಂತ ತುಸು ದೊಡ್ಡದಾಗಿ ಶ್ರವಣಸಾಧನಗಳೊಳಗೆ ಸೇರಿತು. ಬ್ಯಾಲೆನ್ಸ್ಡ್ ಆರ್ಮೇಚರ್ ಎಂದು ಈಗ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕುವುದು ಇದನ್ನೇ.

ಕಿವಿಯೊಳಗಿನ ಧ್ವನಿ ಬೆಳೆದದ್ದು ಸಂಗೀತದಂಗಡಿಯಲ್ಲಲ್ಲ, ಕಿವುಡುತನದ ಚಿಕಿತ್ಸೆಯಲ್ಲಿ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಮೀಡ್ ಕಿಲಿಯನ್ ಶ್ರವಣಸಾಧನದ ಬಿಡಿಭಾಗ ಮಾಡುವ ನೋಲ್ಸ್ ಕಂಪನಿಯಲ್ಲಿ ದುಡಿದವರು. ಆಮೇಲೆ 1983ರಲ್ಲಿ ಎಟಿಮೋಟಿಕ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಆ ಹೆಸರಿಗೆ ‘ಕಿವಿಗೆ ನಿಷ್ಠವಾದದ್ದು’ ಎಂಬ ಅರ್ಥ ಕೊಟ್ಟರು. ಮೊದಲು ಶ್ರವಣ ಪರೀಕ್ಷೆಯ ಇಯರ್‌ಫೋನ್, ಬಳಿಕ 1991ರಲ್ಲಿ ಸಂಗೀತಕ್ಕಾಗಿ ಇಆರ್-4. ಮೂರು ಅಂತಸ್ತಿನ ರಬ್ಬರ್ ತುದಿಯನ್ನು ಕಿವಿಯ ಆಳಕ್ಕೆ ತಳ್ಳಿಕೊಳ್ಳಬೇಕು. ಧ್ವನಿ ನಿಖರ, ಆದರೆ ಎಲ್ಲರ ಕಿವಿಯೂ ಆ ಆಳವನ್ನು ಸಹಿಸುವುದಿಲ್ಲ.

ಇನ್ನೊಂದು ದಾರಿ ವೇದಿಕೆಯದು. ರಾಕ್ ಗಾಯಕರ ಕಾಲಬುಡದಲ್ಲಿ ಇಡುತ್ತಿದ್ದ ಸ್ಪೀಕರುಗಳ ಅಬ್ಬರಕ್ಕೆ ಅವರ ಕಿವಿಗಳೇ ಬಲಿಯಾಗುತ್ತಿದ್ದವು. ವ್ಯಾನ್ ಹೇಲನ್ ತಂಡದ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ 1995ರಲ್ಲಿ ಡ್ರಮ್ ಬಾರಿಸುವ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯೊಳಗಿನ ಮಾನಿಟರ್ ಮಾಡಿಕೊಟ್ಟ; ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಹೀಗೆ. ಈ ದಾರಿಯಲ್ಲಿ ಕಿವಿಗೆ ಸಿಲಿಕೋನ್ ಹಿಟ್ಟು ತುಂಬಿಸಿ ಅಚ್ಚು ತೆಗೆಯುತ್ತಾರೆ, ಆ ಅಚ್ಚಿಗೆ ತಕ್ಕಂತೆ ಕವಚ ಮಾಡುತ್ತಾರೆ. ದರ್ಜಿ ಅಳತೆ ತೆಗೆದು ರವಿಕೆ ಹೊಲಿದ ಹಾಗೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಬೆಲೆಯೂ ಹಾಗೆಯೇ.

ನಮ್ಮಂಥವರು ಕೇಳಿದ್ದು ಇವೆರಡರ ಹೊರಗೆ. 1979ರ ವಾಕ್‌ಮನ್ ಜೊತೆ ಬಂದ ಸ್ಪಂಜಿನ ಹೆಡ್‌ಫೋನು, ಆಮೇಲೆ ಕಿವಿಯ ಬಟ್ಟಲಲ್ಲಿ ಸುಮ್ಮನೆ ನೇತಾಡುವ ಬಟನ್ ಇಯರ್‌ಫೋನು, ಮೊಬೈಲ್ ಡಬ್ಬಿಯಲ್ಲಿ ಪುಕ್ಕಟೆ ಬರುತ್ತಿದ್ದದ್ದು. ಅವು ಕಿವಿಯನ್ನು ಮುಚ್ಚುವುದಿಲ್ಲ. ಮುಚ್ಚದಿದ್ದರೆ ಕೆಳಸ್ಥಾಯಿ ಸೋರಿಹೋಗುತ್ತದೆ, ಬಸ್ಸಿನ ಗದ್ದಲ ಒಳಗೆ ಬರುತ್ತದೆ, ನಾವು ಸದ್ದು ಏರಿಸುತ್ತೇವೆ.

ಅಗ್ಗದ ಐಇಎಂ ಒಳ್ಳೆಯದಾದ ಕಥೆ ಆರಂಭವಾಗುವುದು ಅಳತೆಯಿಂದ. ಕಿವಿಯ ಓಣಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಒಂದು ಕಡೆ ಮುಚ್ಚಿದ ಕೊಳವೆ ಅದು. ಕೊಳಲಿನ ಹಾಗೆ ತನ್ನದೇ ಒಂದು ಸ್ವರವನ್ನು ಎತ್ತಿಹಿಡಿಯುತ್ತದೆ, ಸುಮಾರು 3000 ಹರ್ಟ್ಸ್ ಆಸುಪಾಸಿನಲ್ಲಿ. ಹುಟ್ಟಿನಿಂದ ಆ ಏರಿಕೆಯ ಜೊತೆಗೇ ಕೇಳುತ್ತಿರುವುದರಿಂದ ನಮಗದು ಗೊತ್ತೇ ಆಗುವುದಿಲ್ಲ. ಓಣಿಗೆ ಬಿರಡೆ ಹಾಕಿದೊಡನೆ ಆ ಸಹಜ ಏರಿಕೆ ಹೋಗುತ್ತದೆ. ಇಯರ್‌ಫೋನು ಅದನ್ನು ತಾನೇ ಕಟ್ಟಿಕೊಡಬೇಕು. ಎಷ್ಟು ಕಟ್ಟಿಕೊಡಬೇಕು? ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು 2012ರ ನಂತರ ಕೇಳುಗರನ್ನು ಕೂರಿಸಿ, ಯಾವ ಹೆಡ್‌ಫೋನು ಎಂದು ಹೇಳದೆ ಕೇಳಿಸಿ, ಹೆಚ್ಚಿನವರು ಮೆಚ್ಚುವ ಧ್ವನಿಯ ರೇಖೆಯನ್ನು ಎಳೆದರು. ಅದನ್ನು ಪ್ರಬಂಧಗಳಾಗಿ ಪ್ರಕಟಿಸಿದರು. ಕಿವಿಯಂತೆ ವರ್ತಿಸುವ ಲೋಹದ ಕೃತಕ ಕಿವಿ, 711 ಕಪ್ಲರ್ ಎನ್ನುತ್ತಾರೆ, ಪ್ರಯೋಗಾಲಯಗಳಲ್ಲಿ 1980ರ ದಶಕದಿಂದಲೇ ಇತ್ತು. ಅದರ ಅಗ್ಗದ ನಕಲುಗಳು ಹವ್ಯಾಸಿಗಳ ಮೇಜಿಗೂ ಬಂದವು. ಯಾವ ಕಂಪನಿ ಏನು ಹೇಳಿಕೊಳ್ಳುತ್ತದೆ, ನಿಜದಲ್ಲಿ ಏನು ಮಾಡಿದೆ ಎಂದು ಯಾರು ಬೇಕಾದರೂ ಅಳೆಯಬಹುದಾಯಿತು.

ಚೀನಾದ ಶೆನ್‌ಝೆನ್, ಚೆಂಗ್ಡುಗಳ ತಯಾರಕರು ಇದನ್ನು ಬಳಸಿಕೊಂಡ ಬಗೆ ಮೆಚ್ಚುವಂಥದ್ದು. 2022ರಲ್ಲಿ ಬಂದ ಮೂನ್‌ಡ್ರಾಪ್ ಚು, ಸೆವೆನ್‌ಹರ್ಟ್ಸ್ ಸಾಲ್ನೋಟ್ಸ್ ಝೀರೋ ಎರಡೂ ಸುಮಾರು 20 ಡಾಲರಿನವು. ಎರಡರಲ್ಲೂ ಇರುವುದು ಒಂದೊಂದೇ 10 ಮಿಲಿಮೀಟರಿನ ಡೈನಾಮಿಕ್ ಡ್ರೈವರ್. ಖರ್ಚು ಸಾಮಗ್ರಿಗಲ್ಲ, ಟ್ಯೂನಿಂಗಿಗೆ: ಕವಚದ ತೂತು ಎಲ್ಲಿ, ಎಷ್ಟು ದೊಡ್ಡದು, ಬಾಯಿಗೆ ಅಂಟಿಸುವ ಜಾಲರಿ ಎಷ್ಟು ದಟ್ಟ. ಒಮ್ಮೆ ಅರಿತ ಮೇಲೆ ಆ ಅರಿವಿಗೆ ಪ್ರತಿ ಜೊತೆಗೂ ಹೊಸದಾಗಿ ದುಡ್ಡು ಕೊಡಬೇಕಿಲ್ಲ. ಹಾಗಾಗಿ ‘ನಾಲ್ಕು ಡ್ರೈವರ್’, ‘ಆರು ಡ್ರೈವರ್’ ಎಂದು ಕೂಗುವ ಡಬ್ಬಿಗಳನ್ನು ನಾನು ಪಾತ್ರೆಯ ತೂಕ ನೋಡಿ ಅಡುಗೆಯ ರುಚಿ ಹೇಳುವವರ ಸಾಲಿಗೆ ಸೇರಿಸುತ್ತೇನೆ.

ಆ ರೇಖೆಯ ಬಗ್ಗೆ ಒಂದು ಅಡ್ಡಮಾತು. ಹೆಡ್‌ಫೋನು ಕೇಳುಗರ ದೇಶ, ವಯಸ್ಸುಗಳನ್ನು ಹೋಲಿಸಿದ ಹರ್ಮನ್ ಅಧ್ಯಯನ ನಡೆದದ್ದು ಕೆನಡಾ, ಅಮೆರಿಕ, ಜರ್ಮನಿ, ಚೀನಾಗಳಲ್ಲಿ. ಆ ದೇಶಗಳ ನಡುವೆ ಅಭಿರುಚಿಯ ಅಂತರ ಹೆಚ್ಚೇನೂ ಕಾಣಲಿಲ್ಲ ಎಂಬುದು ಅದರ ತೀರ್ಮಾನ, ಇರಬಹುದು. ಆದರೆ ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿ ಆ ಪಟ್ಟಿಯಲ್ಲಿಲ್ಲ ಎಂಬುದನ್ನು ಮರೆಯದೆ ನಾನು ನನ್ನ ಪರೀಕ್ಷೆಗೆ ಕೂತೆ.

ಮೂರು ಜೊತೆ ಕೊಂಡಿದ್ದೆ, ಮೂರೂ ಎರಡು ಸಾವಿರದೊಳಗೆ. ಕೇಳಿದ್ದು ತಂಬೂರಿ, ಮೃದಂಗದ ಎಡಭಾಗ, ಮತ್ತು ನನ್ನದೇ ಮುದ್ರಿಕೆಯ ಬೀಸುವ ಹಾಡು. ಕೊನೆಯದೇ ಕಠಿಣ ಪರೀಕ್ಷೆ: ಬೀಸುವ ಕಲ್ಲಿನ ಗರಗರ ಕೆಳಗೆ, ಅದರ ಮೇಲೆ ಹಲ್ಲಿಲ್ಲದ ಅಜ್ಜಿಯ ದನಿ. ಮೊದಲನೆಯ ಜೊತೆ ಕೆಳಸ್ಥಾಯಿ, ಮೇಲುಸ್ಥಾಯಿ ಎರಡನ್ನೂ ಉಬ್ಬಿಸಿ ನಡುವನ್ನು ತಗ್ಗಿಸಿತ್ತು. ಸಿನಿಮಾ ಹಾಡಿಗೆ ಕುಣಿಯುವಂತಿತ್ತು. ಅಜ್ಜಿಯ ದನಿ ಮಾತ್ರ ಕಲ್ಲಿನಡಿ ಸಿಕ್ಕಿಕೊಂಡಿತು. ಮನುಷ್ಯರ ಮಾತು ಬಾಳುವುದು ಆ ನಡುವಿನಲ್ಲೇ. ಎರಡನೆಯದರಲ್ಲಿ ನಡು ಸ್ಪಷ್ಟ, ಲ ಮತ್ತು ಳ ಬೇರೆಬೇರೆ ಕೇಳುತ್ತಿದ್ದವು. ಆದರೆ ಮೇಲೆಲ್ಲೋ ಒಂದು ಚೂಪು. ಪ್ರತಿ ಸಕಾರವೂ ಸೂಜಿಯಾಗಿ, ಗಂಟೆಯೊಳಗೆ ತಲೆ ಬಿಸಿಯಾಗುತ್ತಿತ್ತು. ಮೂರನೆಯದು ಇವೆಲ್ಲಕ್ಕಿಂತ ಸೌಮ್ಯ. ತಂಬೂರಿಯ ಜೀವಾಳ, ಆ ತಂತಿಯ ಝೇಂಕಾರ, ಅದರಲ್ಲಿ ದಟ್ಟವಾಗಿ ಕೇಳಿತು.

ಆದರೆ ನಲವತ್ತು ನಿಮಿಷಕ್ಕೆ ಬಲಗಿವಿಯ ಬಟ್ಟಲು ನೋಯಲು ಶುರು. ಧ್ವನಿಯಲ್ಲಿ ಗೆದ್ದದ್ದು ಕಿವಿಯಲ್ಲಿ ನಿಲ್ಲಲಿಲ್ಲ. ಕವಚದ ಒಂದು ಅಂಚು ಒತ್ತುತ್ತಿತ್ತು, ಕೊಳವೆಯ ಮೂತಿ ನನ್ನ ಓಣಿಗೆ ದಪ್ಪ. ಸಣ್ಣ ತುದಿ ಹಾಕಿದರೆ ನೋವು ಕಡಿಮೆ, ಆದರೆ ಮಾತಾಡಲು ಬಾಯಿ ತೆರೆದೊಡನೆ ದವಡೆ ಸರಿದು ಮುಚ್ಚಿಗೆ ಬಿಟ್ಟುಕೊಳ್ಳುತ್ತದೆ. ಮೃದಂಗದ ಎಡಭಾಗ ಮಾಯ. ದಪ್ಪ ತುದಿ ಹಾಕಿದರೆ ಮೃದಂಗ ಬರುತ್ತದೆ, ನೋವೂ ಬರುತ್ತದೆ. ಕಪ್ಲರಿನಲ್ಲಿ ಅಳೆದ ಆ ಸುಂದರ ರೇಖೆ ಲೋಹದ ಕಿವಿಯದು. ಅದಕ್ಕೆ ನೋವಿಲ್ಲ, ಬೆವರಿಲ್ಲ, ದವಡೆಯಿಲ್ಲ. ಹಿತ ಮತ್ತು ಧ್ವನಿಯನ್ನು ಬೇರೆ ಮಾಡಲಾಗದು ಎಂದು ನಾನು ಹೇಳುವುದು ಇದಕ್ಕೆ. ಕಿವಿಯಲ್ಲಿ ಸರಿಯಾಗಿ ಕೂರದ ಐಇಎಂನ ಧ್ವನಿ ಹೇಗಿದೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಹೆಂಗಸರ ಕಿವಿಯ ಓಣಿ ಸರಾಸರಿಯಲ್ಲಿ ಗಂಡಸರದಕ್ಕಿಂತ ಚಿಕ್ಕದು. ಹಾಸ್ಟೆಲಿನಲ್ಲಿ ಆ ಮೂರು ಜೊತೆಯನ್ನೂ ಗೆಳತಿಯರಿಗೆ ಕೊಟ್ಟು ನೋಡಿದೆ. ಒಬ್ಬಳಿಗೆ ಯಾವುದೂ ನಿಲ್ಲಲಿಲ್ಲ. ಇನ್ನೊಬ್ಬಳಿಗೆ ಕಿವಿಯ ಹಿಂದಿನಿಂದ ಸುತ್ತಿ ಬರುವ ತಂತಿ ಕನ್ನಡಕದ ಕಡ್ಡಿಗೂ ಜುಮುಕಿಗೂ ತೊಡಕು. ಹೀಗೆ ಸುತ್ತುವ ಪದ್ಧತಿ ವೇದಿಕೆಯ ಮೇಲೆ ಕುಣಿದಾಡುವವರಿಗಾಗಿ ಬಂದದ್ದು, ತಂತಿ ಜಗ್ಗಬಾರದೆಂದು. ಓದುವ ಕೋಣೆಯಲ್ಲಿ ಕೂತವಳಿಗೂ ಅದೇ ಗತಿ. ವೇದಿಕೆಯಿಂದ ತಂತಿಯ ಸುತ್ತು ಇಳಿದು ಬಂತು, ಹೆಸರು ಇಳಿದು ಬಂತು, ಧ್ವನಿಯೂ ಬಹುಮಟ್ಟಿಗೆ ಇಳಿದು ಬಂತು. ಕಿವಿಯ ಅಚ್ಚು ಮಾತ್ರ ಮೇಲೆಯೇ ಉಳಿಯಿತು. ನಮಗೆ ಸಿಕ್ಕಿದ್ದು ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಸಿಲಿಕೋನ್ ಟೋಪಿಗಳ ಪೊಟ್ಟಣ.

ಇದು ಬರಿಯ ಅನುಕೂಲದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ. ನನ್ನಂತೆ ದಿನಕ್ಕೆ ಐದಾರು ಗಂಟೆ ಕೇಳುವವರು ಆ ಗಂಟೆಗಳ ಅಂಚಿನಲ್ಲೇ ಇರುತ್ತಾರೆ. ಮುಚ್ಚಿಗೆ ಸರಿಯಿದ್ದರೆ ಹೊರಗಿನ ಗದ್ದಲ ತಗ್ಗುತ್ತದೆ, ಸಣ್ಣ ಸದ್ದಿನಲ್ಲೇ ಕೆಲಸ ಸಾಗುತ್ತದೆ. ಸೋರುವ ಇಯರ್‌ಫೋನಿನಲ್ಲಿ ಫ್ಯಾನಿನ ಸದ್ದನ್ನು ಮೀರಲು ಬೆರಳು ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ.

ಈಗ ನಾನು ಬಳಸುತ್ತಿರುವುದು ಎರಡನೆಯ ಜೊತೆ. ಸಕಾರದ ಸೂಜಿಯನ್ನು ಫೋನಿನ ಈಕ್ವಲೈಸರಿನಲ್ಲಿ ಒಂದಿಷ್ಟು ತಗ್ಗಿಸಿದ್ದೇನೆ. ಧ್ವನಿಯನ್ನು ಹಾಗೆ ತಿದ್ದಬಹುದು, ಕವಚದ ಅಂಚನ್ನು ತಿದ್ದಲಾಗದು. ತುದಿಗಳನ್ನು ಬೇರೆಯಾಗಿ ಕೊಂಡೆ. ಎಡಕ್ಕೆ ಮಧ್ಯಮ ಅಳತೆಯ ಸಿಲಿಕೋನ್, ಬಲಕ್ಕೆ ಸಣ್ಣದು, ಅದೂ ಹಿಂಡಿ ಹಾಕಿಕೊಂಡರೆ ನಿಧಾನ ಅರಳುವ ಫೋಮ್. ಎರಡು ಪೊಟ್ಟಣದಿಂದ ಒಂದೊಂದೇ ತೆಗೆದದ್ದರಿಂದ ಮಿಕ್ಕವು ಮೇಜಿನ ಡ್ರಾಯರಿನಲ್ಲಿ ಬಿದ್ದಿವೆ. ಬಲಗಿವಿ ದೊಡ್ಡದಿರುವ ಯಾರಾದರೂ ಸಿಕ್ಕರೆ ಕೊಡಬೇಕು.