ಮತದೂಷಣೆಯ ಶಾಸನಗಳೂ ರಾಷ್ಟ್ರಗಳ ಒಡಂಬಡಿಕೆಗಳೂ

ಒಂದು ದೇಶದ ಪ್ರಭುತ್ವವು ಅನ್ಯರಾಷ್ಟ್ರಗಳೊಡನೆ ಕೂಡಿ ರುಜು ಹಾಕಿದ ಪತ್ರವು, ಆ ದೇಶದಲ್ಲಿ ಮತದೂಷಣೆಯ ಅಪರಾಧಕ್ಕಾಗಿ ಕುಳಿತಿರುವವನ ಸೆರೆಮನೆಯ ಬಾಗಿಲನ್ನು ತೆರೆಯಬಲ್ಲುದೆ? ಇದೇ ಈ ಲೇಖನದ ವಿಚಾರಣೀಯ ವಿಷಯವು. ದೇವರನ್ನಾಗಲಿ, ಪ್ರವಾದಿಯನ್ನಾಗಲಿ, ಪವಿತ್ರಗ್ರಂಥವನ್ನಾಗಲಿ ಅವಮಾನಿಸುವ ಮಾತನ್ನು ದಂಡಿಸತಕ್ಕ ಶಾಸನಗಳು ಇಂದಿಗೂ ಅನೇಕ ದೇಶಗಳಲ್ಲಿವೆ. ಅವುಗಳಿಗೆ ಸಿಕ್ಕಿಬೀಳುವವರಲ್ಲಿ ಅನ್ಯಮತಸ್ಥರೂ ಉಂಟು, ಸ್ವಮತದ ಸುಧಾರಕರೂ ಉಂಟು, ಯಾವ ಮತವನ್ನೂ ಒಪ್ಪದವರೂ ಉಂಟು. ಈ ಕೊನೆಯವರನ್ನು ಇಲ್ಲಿ ನಾಸ್ತಿಕರೆಂದು ಕರೆಯುವೆವು. ನಮ್ಮ ಶಾಸ್ತ್ರಗಳಲ್ಲಿ ವೇದಪ್ರಾಮಾಣ್ಯವನ್ನು ಒಪ್ಪದವನೇ ನಾಸ್ತಿಕನು. ಈಶ್ವರನನ್ನು ಒಪ್ಪದ ಸಾಂಖ್ಯನು ಆಸ್ತಿಕರ ಪಂಕ್ತಿಯಲ್ಲಿಯೇ ಕುಳಿತಿರುವನು. ಆ ಪಾರಿಭಾಷಿಕಾರ್ಥವನ್ನು ಬಿಟ್ಟು ಲೋಕರೂಢಿಯ ಅರ್ಥವನ್ನೇ ಇಲ್ಲಿ ಗ್ರಹಿಸತಕ್ಕದ್ದು.

ಮೊದಲು ಪೂರ್ವಪಕ್ಷವನ್ನು ನಿರೂಪಿಸುವೆವು. 1948ನೆಯ ಇಸವಿ ಡಿಸೆಂಬರ್ 10ರಂದು ಪ್ಯಾರಿಸ್ ನಗರದಲ್ಲಿ ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ರಾಷ್ಟ್ರಗಳು ಪರವಾಗಿದ್ದುವು, ಎಂಟು ತಟಸ್ಥವಾಗಿದ್ದುವು, ವಿರೋಧಿಸಿದುದು ಒಂದೂ ಇಲ್ಲ. ಅದರ 18ನೆಯ ವಿಧಿಯು ವಿಚಾರಸ್ವಾತಂತ್ರ್ಯ, ಅಂತಃಸಾಕ್ಷಿಯ ಸ್ವಾತಂತ್ರ್ಯ, ಮತಸ್ವಾತಂತ್ರ್ಯ ಇವುಗಳೊಡನೆ ಮತವನ್ನು ಬದಲಾಯಿಸುವ ಸ್ವಾತಂತ್ರ್ಯವನ್ನೂ ಹೇಳಿತು. ಈ ಕೊನೆಯ ಮಾತನ್ನು ಆಕ್ಷೇಪಿಸಿದ ಸೌದಿ ಅರೇಬಿಯವು ತಟಸ್ಥವಾಯಿತು; ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫ್ರುಲ್ಲಾ ಖಾನರಾದರೋ ಕುರಾನನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಸಮರ್ಥಿಸಿದರು.

ಘೋಷಣೆಯು ಕೇವಲ ಘೋಷಣೆ. ಕಟ್ಟುಪಾಡು ಬಂದುದು 1966ರ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಒಡಂಬಡಿಕೆಯಿಂದ. ಅದು 1976ರಲ್ಲಿ ಜಾರಿಗೆ ಬಂದಿತು. ಇಂದು 170ಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿ ಸೇರಿವೆ. ಅದರ ಪಾಲನೆಯನ್ನು ನೋಡಿಕೊಳ್ಳುವ ಸಮಿತಿಯು 1993ರಲ್ಲಿ, ಯಾವ ಮತವನ್ನೂ ಅವಲಂಬಿಸದೆ ಇರುವ ಹಕ್ಕು ಕೂಡ 18ನೆಯ ವಿಧಿಯಲ್ಲಿ ಅಡಕವಾಗಿದೆಯೆಂದು ವ್ಯಾಖ್ಯಾನಿಸಿತು. 2011ರಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯರ ಮೇಲೆ ದ್ವೇಷವನ್ನೂ ಹಿಂಸೆಯನ್ನೂ ಪ್ರಚೋದಿಸುವ ಮಾತನ್ನು ತಡೆಯಬಹುದಲ್ಲದೆ, ಮತದೂಷಣೆಯನ್ನು ನಿಷೇಧಿಸುವ ಶಾಸನಗಳು ಒಡಂಬಡಿಕೆಗೆ ವಿರುದ್ಧವೆಂದು ಹೇಳಿತು. ರಾಷ್ಟ್ರಗಳು ಮಾತು ಕೊಟ್ಟಿವೆ, ಮಾತಿಗೆ ಅರ್ಥವೂ ನಿಶ್ಚಯವಾಗಿದೆ. ಇನ್ನು ಶಾಸನಗಳು ಅಳಿಯಲೇಬೇಕಷ್ಟೆ ಎಂಬುದು ಪೂರ್ವಪಕ್ಷವು.

ಒಂದು ವಸ್ತುವು ಇನ್ನೊಂದಕ್ಕೆ ಕಾರಣವೇ ಎಂಬುದನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸತಕ್ಕದ್ದು. ಒಡಂಬಡಿಕೆಯುಳ್ಳಲ್ಲಿ ಶಾಸನವು ಅಳಿಯಿತೇ ಎಂಬುದಕ್ಕೆ ಮೊದಲು ಪಾಕಿಸ್ತಾನವನ್ನು ನೋಡೋಣ. ಏಕೆಂದರೆ ಅಲ್ಲಿಯ ಶಾಸನದ ಬೇರು ನಮ್ಮ ಶಾಸನದ ಬೇರೇ ಆಗಿದೆ. 1837ರಲ್ಲಿ ಮೆಕಾಲೆಯ ಸಮಿತಿಯು ಕರಡು ಬರೆದು 1860ರಲ್ಲಿ ಶಾಸನವಾದ ಇಂಡಿಯನ್ ಪೀನಲ್ ಕೋಡಿನ 15ನೆಯ ಅಧ್ಯಾಯವು ಮತಸಂಬಂಧವಾದ ಅಪರಾಧಗಳನ್ನು ಕುರಿತದ್ದು. ಇಂಗ್ಲೆಂಡಿನ ಕಾನೂನು ಕ್ರೈಸ್ತಮತವನ್ನು ಮಾತ್ರ ಕಾಯುತ್ತಿದ್ದ ಕಾಲದಲ್ಲಿ ಈ ಅಧ್ಯಾಯವು ಎಲ್ಲ ಮತಗಳನ್ನೂ ಸಮವಾಗಿ ಕಂಡಿತು. ಮುಂದೆ ಲಾಹೋರಿನಲ್ಲಿ ಪ್ರವಾದಿಯನ್ನು ಕುರಿತ ಒಂದು ಪುಸ್ತಿಕೆಯ ಪ್ರಕಾಶಕನನ್ನು ಅಲ್ಲಿಯ ಹೈಕೋರ್ಟು ಬಿಡುಗಡೆ ಮಾಡಲು, ಕ್ಷೋಭೆಯೆದ್ದು 1927ರಲ್ಲಿ 295-ಎ ವಿಧಿಯು ಸೇರಿಸಲ್ಪಟ್ಟಿತು. ಆದಾಗ್ಯೂ ಆ ಪ್ರಕಾಶಕನು 1929ರಲ್ಲಿ ಕೊಲೆಯಾದನು.

ದೇಶವು ಎರಡಾದ ಮೇಲೆ ಈ ಬೇರಿನಿಂದ ಪಾಕಿಸ್ತಾನದಲ್ಲಿ ಹೊಸ ಕೊಂಬೆಗಳು ಒಡೆದುವು. ಕುರಾನಿನ ಅಪಮಾನಕ್ಕೆ ಆಜೀವ ಸೆರೆಯನ್ನು ವಿಧಿಸುವ 295-ಬಿ 1982ರಲ್ಲಿಯೂ, ಪ್ರವಾದಿಯ ನಿಂದೆಗೆ ಮರಣವನ್ನಾಗಲಿ ಆಜೀವ ಸೆರೆಯನ್ನಾಗಲಿ ವಿಧಿಸುವ 295-ಸಿ 1986ರಲ್ಲಿಯೂ ಬಂದುವು. ಮರಣವೊಂದೇ ತಕ್ಕ ದಂಡನೆಯೆಂದು ಅಲ್ಲಿಯ ಶರೀಯತ್ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿತು. ನಡುವೆ 1984ರಲ್ಲಿ ಅಹ್ಮದೀಯರು ತಮ್ಮನ್ನು ಮುಸ್ಲಿಮರೆಂದು ಹೇಳಿಕೊಳ್ಳುವುದೂ ಅಪರಾಧವಾಯಿತು. ಪ್ಯಾರಿಸಿನಲ್ಲಿ ಮತಸ್ವಾತಂತ್ರ್ಯವನ್ನು ಸಮರ್ಥಿಸಿದ್ದ ಜಫ್ರುಲ್ಲಾ ಖಾನರು ಅಹ್ಮದೀಯರೇ ಎಂಬುದನ್ನು ವಾಚಕರು ಗಮನಿಸಬೇಕು.

ಪಾಕಿಸ್ತಾನವು ಒಡಂಬಡಿಕೆಗೆ 2008ರಲ್ಲಿ ರುಜು ಹಾಕಿ, 2010ರಲ್ಲಿ ಹಲವು ಷರತ್ತುಗಳೊಡನೆ ಸ್ಥಿರೀಕರಿಸಿ, 2011ರಲ್ಲಿ ಆ ಷರತ್ತುಗಳಲ್ಲಿ ಬಹುಭಾಗವನ್ನು ಹಿಂದೆಗೆದುಕೊಂಡಿತು. ಕಾಗದದ ಮೇಲೆ ಅದು ಶುಭವರ್ಷವು. ಆದರೆ ಅದೇ 2011ರ ಜನವರಿಯಲ್ಲಿ, ಈ ಶಾಸನವನ್ನು ಟೀಕಿಸಿದ್ದಕ್ಕಾಗಿ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರರನ್ನು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದನು. ಮಾರ್ಚಿಯಲ್ಲಿ ಮಂತ್ರಿ ಶಾಬಾಜ್ ಭಟ್ಟಿಯವರ ಕೊಲೆಯಾಯಿತು. 2014ರಿಂದ ಐರೋಪ್ಯ ಒಕ್ಕೂಟವು 27 ಅಂತಾರಾಷ್ಟ್ರೀಯ ಒಪ್ಪಂದಗಳ ಪಾಲನೆಯನ್ನು ನಿಬಂಧನೆಯಾಗಿಟ್ಟು ಪಾಕಿಸ್ತಾನದ ಸರಕುಗಳಿಗೆ ಸುಂಕದ ರಿಯಾಯಿತಿಯನ್ನು ಕೊಟ್ಟಿತು. 295-ಸಿ ಹೋಗಲಿಲ್ಲ.

ಸೂಡಾನಿನ ವೃತ್ತಾಂತವೂ ಇಂತಹುದೇ. ಅಲ್ಲಿ 1985ರ ಜನವರಿಯಲ್ಲಿ ಮಹಮೂದ್ ಮಹಮ್ಮದ್ ತಾಹಾ ಎಂಬ ವೃದ್ಧ ಸುಧಾರಕರನ್ನು ಧರ್ಮಭ್ರಷ್ಟರೆಂದು ಗಲ್ಲಿಗೇರಿಸಿದರು. ಮರುವರ್ಷವೇ ಆ ದೇಶವು ಒಡಂಬಡಿಕೆಯನ್ನು ಸೇರಿತು. ಐದು ವರ್ಷಗಳ ತರುವಾಯ, 1991ರಲ್ಲಿ, ಧರ್ಮತ್ಯಾಗಕ್ಕೆ ಮರಣದಂಡನೆಯೆಂದು ತನ್ನ ದಂಡಸಂಹಿತೆಯಲ್ಲಿ ಬರೆದುಕೊಂಡಿತು! ಆ ವಿಧಿಯು ರದ್ದಾದುದು 2020ರಲ್ಲಿ. ಅದೂ 2019ರಲ್ಲಿ ಪ್ರಜೆಗಳು ದಂಗೆಯೆದ್ದು ಹಳೆಯ ಪ್ರಭುತ್ವವು ಉರುಳಿದ ಮೇಲೆ.

ಇನ್ನು ಶಾಸನವು ಅಳಿದ ದೇಶಗಳನ್ನು ನೋಡೋಣ. ಎಡಿನ್‌ಬರೋ ನಗರದ ವಿದ್ಯಾರ್ಥಿ ಥಾಮಸ್ ಏಕೆನ್‌ಹೆಡ್ಡನನ್ನು 1697ರಲ್ಲಿ ಮತದೂಷಣೆಗಾಗಿ ಗಲ್ಲಿಗೇರಿಸಿದರು. ಇಪ್ಪತ್ತರ ಹರೆಯದ ಹುಡುಗನು. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕಾಗಿ ಕಟ್ಟಕಡೆಗೆ ಸೆರೆಗೆ ಹೋದವನು ಜಾನ್ ವಿಲಿಯಂ ಗಾಟ್. ಅವನಿಗೆ 1921ರಲ್ಲಿ ಒಂಬತ್ತು ತಿಂಗಳ ಕಠಿಣ ಶಿಕ್ಷೆಯಾಯಿತು. ಬ್ರಿಟನ್ನು ಐರೋಪ್ಯ ಮಾನವ ಹಕ್ಕುಗಳ ಒಪ್ಪಂದವನ್ನು 1951ರಲ್ಲಿಯೇ ಸ್ಥಿರೀಕರಿಸಿದ್ದರೂ ಶಾಸನವು ನಿಂತೇ ಇದ್ದಿತು. ಅಷ್ಟೇ ಅಲ್ಲ, 1996ರಲ್ಲಿ ಆ ಒಪ್ಪಂದದ ಸ್ಟ್ರಾಸ್‌ಬರ್ಗ್ ನ್ಯಾಯಾಲಯವೇ, ಇಂಗ್ಲೆಂಡಿನ ಈ ಶಾಸನವು ಒಪ್ಪಂದಕ್ಕೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟಿತು. ಕಡೆಗೆ ಅದನ್ನು ತೆಗೆದುಹಾಕಿದುದು 2008ರಲ್ಲಿ ಅಲ್ಲಿಯ ಪಾರ್ಲಿಮೆಂಟು. ಐರ್ಲೆಂಡಿನಲ್ಲಿ 2018ರ ಅಕ್ಟೋಬರ್ 26ರಂದು ಪ್ರಜೆಗಳೇ ಮತ ಕೊಟ್ಟು ತಮ್ಮ ರಾಜ್ಯಾಂಗದಿಂದ ಆ ಮಾತನ್ನು ತೆಗೆಸಿದರು.

ಆದುದರಿಂದ ಒಡಂಬಡಿಕೆಯಿದ್ದೂ ಶಾಸನವು ಹುಟ್ಟಿದುದುಂಟು. ಅಳಿದಲ್ಲಿಯೂ ಅಳಿಸಿದವರು ಆಯಾ ದೇಶದ ಜನರೇ. ಇದಕ್ಕೆ ಹೇತುವು ಸ್ಪಷ್ಟವಾಗಿದೆ. ರುಜು ಹಾಕುವವರು ದೂರದ ಸಭೆಯಲ್ಲಿ ಕುಳಿತ ರಾಯಭಾರಿಗಳು. ಶಾಸನಕ್ಕೆ ಬಲ ಕೊಡುವವರು ಊರಿನ ಬೀದಿಯಲ್ಲಿ ಸೇರುವ ಜನರು. ಒಡಂಬಡಿಕೆಗೆ ಪೊಲೀಸರಿಲ್ಲ. ನಮ್ಮ ದೇಶವೂ 1979ರಲ್ಲಿ ಅದನ್ನು ಸೇರಿತು. ಆದರೆ ಪ್ರಜೆಯು ನೇರವಾಗಿ ಸಮಿತಿಗೆ ದೂರು ಕೊಡುವ ಪೂರಕ ಒಪ್ಪಂದವನ್ನು ನಾವೂ ಒಪ್ಪಿಲ್ಲ, ಪಾಕಿಸ್ತಾನವೂ ಒಪ್ಪಿಲ್ಲ. 295-ಎ ವಿಧಿಯು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೆಯ ವಿಧಿಯಾಗಿ ಮುಂದುವರಿದಿದೆ.

ಹಾಗಾದರೆ ಒಡಂಬಡಿಕೆಯು ವ್ಯರ್ಥವೇ? ಅಲ್ಲ. ಅದು ಪ್ರಧಾನಕಾರಣವಲ್ಲ, ಸಹಕಾರಿಕಾರಣವು. ಶಾಸನವನ್ನು ಅಳಿಸುವುದು ಬೇರೆ, ಮನುಷ್ಯನನ್ನು ಉಳಿಸುವುದು ಬೇರೆ; ಎರಡನೆಯದರಲ್ಲಿ ಅದರ ಶಕ್ತಿ ಹೆಚ್ಚು. 1951ರ ನಿರಾಶ್ರಿತರ ಒಪ್ಪಂದವು ಮತಕಾರಣದಿಂದ ಪೀಡಿತನಾದವನನ್ನು ಹಿಂದಕ್ಕೆ ಅಟ್ಟಬಾರದೆನ್ನುತ್ತದೆ. 2014ರಲ್ಲಿ ಆಫ್ಘಾನಿಸ್ತಾನದ ಒಬ್ಬ ತರುಣನಿಗೆ ನಾಸ್ತಿಕನೆಂಬ ಕಾರಣದಿಂದಲೇ ಬ್ರಿಟನ್ನು ಆಶ್ರಯ ಕೊಟ್ಟಿತು. ಇಲ್ಲಿ ಒಪ್ಪಂದವು ಫಲಿಸುವುದೇಕೆಂದರೆ, ಅದನ್ನು ಪಾಲಿಸಬೇಕಾದುದು ಪೀಡಿಸುವ ಪ್ರಭುತ್ವವಲ್ಲ, ಬಾಗಿಲು ತೆರೆಯುವ ಪ್ರಭುತ್ವವು. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾಗಿ, ಎಂಟು ವರ್ಷಗಳಿಗೂ ಮಿಕ್ಕಿ ಸೆರೆಯಲ್ಲಿದ್ದ ಕ್ರೈಸ್ತಸ್ತ್ರೀ ಆಸಿಯಾ ಬೀಬಿಯನ್ನು ಸಾಕ್ಷ್ಯವು ನಿಲ್ಲದೆಂದು ಅಲ್ಲಿಯ ಸುಪ್ರೀಂ ಕೋರ್ಟು 2018ರ ಅಕ್ಟೋಬರ್ 31ರಂದು ಬಿಡುಗಡೆ ಮಾಡಿತು. ಆಕೆಯು ಸುರಕ್ಷಿತವಾಗಿ ಬಾಳಬೇಕಾದರೆ ಮರುವರ್ಷ ಕೆನಡಾ ದೇಶಕ್ಕೆ ಹೋಗಬೇಕಾಯಿತು.

ಸ್ವದೇಶದಲ್ಲಿಯೇ ಅಂಥವರು ನಿರ್ಭಯದಿಂದಿರಬೇಕಾದರೆ ಮನೆಮನೆಯಲ್ಲಿ ಒಂದು ವಿವೇಕವು ನೆಲೆಗೊಳ್ಳಬೇಕು: ಸಿದ್ಧಾಂತವನ್ನು ಖಂಡಿಸುವುದು ಬೇರೆ, ಸಿದ್ಧಾಂತಿಯನ್ನು ಹೊಡೆಯಿರೆನ್ನುವುದು ಬೇರೆ. 14ನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ಸರ್ವದರ್ಶನಸಂಗ್ರಹವನ್ನು ರಚಿಸಿದಾಗ, ತಮಗೆ ಸಮ್ಮತವಲ್ಲದ ಚಾರ್ವಾಕದರ್ಶನವನ್ನೇ ಮೊದಲನೆಯ ಅಧ್ಯಾಯದಲ್ಲಿ ನಿರೂಪಿಸಿದರು. ಎದುರಾಳಿಯ ಮಾತನ್ನು ಪೂರ್ಣವಾಗಿ ಹೇಳಿ ಉತ್ತರ ಕೊಡಬಲ್ಲ ಸಮಾಜಕ್ಕೆ ಆ ಮಾತಿಗಾಗಿ ಸೆರೆಮನೆಯು ಬೇಕಾಗುವುದಿಲ್ಲ. ಆ ಅಭ್ಯಾಸವುಳ್ಳ ದೇಶದಲ್ಲಿ ಒಡಂಬಡಿಕೆಯು ಕೆಲಸ ಮಾಡುವುದು. ಇಲ್ಲದ ದೇಶದಲ್ಲಿ ಅದು ದಫ್ತರದಲ್ಲಿರುವುದು.