ಕಾವು ಕಾಯುವ ಕೆಲಸ: ಪೆಲೆಟ್ ಗ್ರಿಲ್ಲಿನ ಚರಿತ್ರೆಯ ಒಂದು ಎಳೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಾರ್ಬೆಕ್ಯೂ ಎಂಬ ಹೆಸರಿನಿಂದ ಬೆಳೆದುಬಂದ ಅಡುಗೆಯ ಕ್ರಮವು ಮೂಲತಃ ಕಾವನ್ನು ಕಾಯುವ ಕೆಲಸ; ಮಾಂಸ, ಉಪ್ಪು, ಮೆಣಸುಗಳ ಮಾತು ಆಮೇಲಿನದು. ದನದ ಎದೆಭಾಗ, ಹಂದಿಯ ಭುಜ ಮುಂತಾದ ಗಡಸು ಮಾಂಸದಲ್ಲಿ ನಾರುಗಳನ್ನು ಬಿಗಿದು ಹಿಡಿದಿರುವ ಕೊಲಾಜನ್ ಎಂಬ ಪ್ರೋಟೀನು ಜೆಲಟಿನ್ ಆಗಿ ಕರಗಿದಾಗಲೇ ಅದು ಹಲ್ಲಿಗೆ ಮೆತ್ತಗಾಗುವುದು. ಆ ಕರಗುವಿಕೆ ಅವಸರಕ್ಕೆ ಬಗ್ಗುವಂಥದ್ದಲ್ಲವಾದ್ದರಿಂದ, ಸುಮಾರು 107ರಿಂದ 121 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿನವರ ಲೆಕ್ಕದಲ್ಲಿ 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿ, ಹೊಗೆ ಸುಳಿದಾಡುವ ಗೂಡಿನೊಳಗೆ ಮಾಂಸವನ್ನು ಹತ್ತು ಹನ್ನೆರಡು ಗಂಟೆ ಇರಿಸುವುದು ವಾಡಿಕೆಯಾಯಿತು. ಕಟ್ಟಿಗೆಯ ಉರಿಗಾದರೋ ಅಷ್ಟು ಹೊತ್ತು ಒಂದೇ ಹದದಲ್ಲಿ ನಿಲ್ಲುವ ಗುಣವಿಲ್ಲ. ಹೊಸ ಕೊರಡು ಬಿದ್ದಾಗ ಅದು ಮೊದಲು ಮಂಕಾಗಿ ಹೊಗೆಯಾಡಿ, ಬಳಿಕ ಭುಗಿಲೆದ್ದು, ಕೊನೆಗೆ ಕೆಂಡವಾಗಿ ತಣಿಯುತ್ತದೆ.

ಈ ಏರಿಳಿತವನ್ನು ಸರಿದೂಗಿಸುವವನೇ ಪಿಟ್‌ಮಾಸ್ಟರ್, ಅಂದರೆ ಉರಿಯ ಉಸ್ತುವಾರಿ ಹೊತ್ತವನು. ಉತ್ತರ ಕೆರೊಲೈನಾದಲ್ಲಿ ಅವನು ಪಕ್ಕದ ಒಲೆಯಲ್ಲಿ ಕಟ್ಟಿಗೆ ಉರಿಸಿ ಕೆಂಡ ಮಾಡಿಕೊಂಡು, ಇಡೀ ಹಂದಿಯ ಅಡಿಗೆ ಸಲಿಕೆಯಿಂದ ಇಷ್ಟಿಷ್ಟೇ ಹರಡುತ್ತಿದ್ದ; ಟೆಕ್ಸಾಸಿನ ಲಾಕ್‌ಹಾರ್ಟಿನಂಥ ಊರುಗಳಲ್ಲಿ ಇಟ್ಟಿಗೆಯ ಉದ್ದನೆಯ ಗೂಡಿನ ಒಂದು ತುದಿಯಲ್ಲಿ ಓಕ್ ಕಟ್ಟಿಗೆ ಉರಿಸಿ, ಇನ್ನೊಂದು ತುದಿಯ ಹೊಗೆಗೂಡಿನ ಮುಚ್ಚಳವನ್ನು ಸರಿಸುತ್ತ ಗಾಳಿಯ ಸೆಳೆತವನ್ನು ಹದಗೊಳಿಸುತ್ತಿದ್ದ. ಅಂಗೈಯನ್ನು ಕಂಬಿಗಳ ಮೇಲೆ ಹಿಡಿದು, ಎಷ್ಟು ಎಣಿಸುವವರೆಗೆ ತಾಳಲಾಗುತ್ತದೆ ಎಂಬುದರಿಂದಲೇ ಕಾವನ್ನು ಅಂದಾಜು ಮಾಡುವುದು ರೂಢಿಯಲ್ಲಿತ್ತು. ರಾತ್ರಿಯಿಡೀ ನಿದ್ದೆಗೆಟ್ಟು ಮಾಡಬೇಕಾದ ಈ ದುಡಿಮೆಯನ್ನು ದಕ್ಷಿಣದಲ್ಲಿ ತಲೆಮಾರುಗಳ ಕಾಲ ಹೊತ್ತವರು ಬಹುಮಟ್ಟಿಗೆ ಕಪ್ಪು ಜನಾಂಗದವರು. ಗುಲಾಮಗಿರಿಯ ಕಾಲದಿಂದ ಬಂದ ಅವರ ಅರಿವು ಬರೆಹಕ್ಕೆ ಇಳಿದದ್ದು ಕಡಿಮೆ, ಕೈಯಿಂದ ಕೈಗೆ ದಾಟಿದ್ದೇ ಹೆಚ್ಚು.

ಉರಿ ತನ್ನನ್ನು ತಾನೇ ಕಾಯ್ದುಕೊಳ್ಳುವಂತೆ ಮಾಡಬೇಕೆಂಬ ಹಂಬಲವಾದರೂ ಹುಟ್ಟಿದ್ದು ಬೇರೆಯೇ ಜಾಗದಲ್ಲಿ. ಹಾಲೆಂಡಿನ ಆಲ್ಕ್‌ಮಾರ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಕಾರ್ನೆಲಿಸ್ ಡ್ರೆಬೆಲ್ (1572–1633) ಹದಿನೇಳನೆಯ ಶತಮಾನದ ಆರಂಭದಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ರೂಪಿಸಿದ. ಅದರಲ್ಲಿ ಬಿಸಿಗೆ ಹಿಗ್ಗಿದ ಮದ್ಯಸಾರವು ಪಾದರಸವನ್ನು ತಳ್ಳಿ, ಪಾದರಸವು ಒಂದು ಕಡ್ಡಿಯನ್ನು ಎತ್ತಿ, ಆ ಕಡ್ಡಿ ಒಲೆಯ ಗಾಳಿಬಾಯಿಯನ್ನು ಮುಚ್ಚುತ್ತಿತ್ತು. 1885ರಲ್ಲಿ ಮಿನಿಯಾಪೊಲಿಸ್ ನಗರದ ಆಲ್ಬರ್ಟ್ ಬಟ್ಜ್ ಮನೆಗಳ ಕಲ್ಲಿದ್ದಲು ಕುಲುಮೆಗೆ ಇಂಥದೇ ಒಂದು ಸಾಧನವನ್ನು ಮಾಡಿದ; ಕೋಣೆ ತಣ್ಣಗಾದರೆ ವಿದ್ಯುತ್ತಿನ ಸನ್ನೆಗೆ ಸಣ್ಣ ಮೋಟಾರೊಂದು ತಿರುಗಿ ಕುಲುಮೆಯ ಗಾಳಿಬಾಯಿ ತೆರೆಯುತ್ತಿತ್ತು, ಮುಂದೆ ಹನಿವೆಲ್ ಎಂದು ಹೆಸರಾದ ಸಂಸ್ಥೆಯ ಬೇರು ಅಲ್ಲಿದೆ. ಷಿಕಾಗೋದ ಜಾರ್ಜ್ ಸ್ಟೀಫನ್ 1952ರಲ್ಲಿ ನೀರಿನ ಮೇಲೆ ತೇಲಿಬಿಡುವ ಬೋಯ್‌ನ ಲೋಹದ ಗೋಳವನ್ನು ಎರಡಾಗಿ ಕತ್ತರಿಸಿ ವೆಬರ್ ಗ್ರಿಲ್ ಮಾಡಿದಾಗ, ಮನೆಯ ಹಿತ್ತಲಿನ ಇದ್ದಿಲ ಒಲೆಗೂ ಮುಚ್ಚಳ ಮತ್ತು ಗಾಳಿಕಿಂಡಿಗಳು ಬಂದವು. ಇವೆಲ್ಲದರಲ್ಲೂ ಹಿಡಿತವಿದ್ದದ್ದು ಗಾಳಿಯ ಮೇಲೆ ಮಾತ್ರ. ಸೌದೆಯನ್ನು ಅಳೆದು ಹಾಕುವ ದಾರಿ ಇರಲಿಲ್ಲ, ಏಕೆಂದರೆ ಒಂದು ಕೊರಡಿನಂತೆ ಇನ್ನೊಂದು ಕೊರಡು ಇರುವುದಿಲ್ಲ.

ಅಳೆಯಬಹುದಾದ ಸೌದೆ ಸಿಕ್ಕಿದ್ದು ವಾಯವ್ಯ ಅಮೆರಿಕದ ಗರಗಸದ ಮಿಲ್ಲುಗಳ ಕಸದಿಂದ. ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಡಗ್ಲಾಸ್ ಫರ್ ಮರ ಸೀಳುವ ಮಿಲ್ಲುಗಳು ತಮ್ಮ ಹೊಟ್ಟು, ತೊಗಟೆ, ಚಕ್ಕೆಗಳನ್ನೆಲ್ಲ ವಿಗ್‌ವಾಮ್ ಬರ್ನರ್ ಎಂಬ ಭಾರಿ ತಗಡಿನ ಶಂಕುಗಳಲ್ಲಿ ಹಗಲಿರುಳು ಸುಟ್ಟು ಹಾಕುತ್ತಿದ್ದವು. ಮೂಲನಿವಾಸಿಗಳ ಗುಡಿಸಲಿನ ಆಕಾರವನ್ನು ನೆನಪಿಸುತ್ತಿದ್ದುದರಿಂದ ಅವಕ್ಕೆ ಆ ಹೆಸರು. 1970ರ ಶುದ್ಧ ಗಾಳಿ ಕಾಯಿದೆಯ ಬಳಿಕ ಅವುಗಳ ಹೊಗೆಗೆ ಕಡಿವಾಣ ಬಿದ್ದು, ಹೊಟ್ಟು ಮಿಲ್ಲಿನ ಅಂಗಳದಲ್ಲಿ ರಾಶಿ ಬೀಳತೊಡಗಿದ ಹೊತ್ತಿಗೇ 1973ರ ತೈಲ ಬಿಕ್ಕಟ್ಟು ಬಂದು ಮನೆ ಬಿಸಿಮಾಡುವ ಎಣ್ಣೆಯ ಬೆಲೆ ಏರಿತು. ಪಶು ಆಹಾರದ ಹಿಂಡಿಯನ್ನು ಕಡ್ಡಿಗಳಾಗಿ ಒತ್ತುವ ಯಂತ್ರ ಆಗಲೇ ಬಳಕೆಯಲ್ಲಿತ್ತು. ಅದರಲ್ಲಿ ಒಣಗಿದ ಹೊಟ್ಟನ್ನು ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಮರದಲ್ಲಿಯೇ ಇರುವ ಲಿಗ್ನಿನ್ ಎಂಬ ದ್ರವ್ಯ ಮೆದುವಾಗಿ, ತಣಿಯುತ್ತಲೇ ಅಂಟಿನಂತೆ ಗಟ್ಟಿಯಾಗಿ ಹೊಟ್ಟನ್ನು ಹಿಡಿದಿಟ್ಟಿತು. ಪೆಲೆಟ್ ಎಂದರೆ ಇದೇ: ಸುಮಾರು 6 ಮಿಲಿಮೀಟರ್ ದಪ್ಪ, ಬೆರಳಿನ ಒಂದೆರಡು ಗೆಣ್ಣಿನಷ್ಟು ಉದ್ದ, ಮೈಯೆಲ್ಲ ಮೇಣ ಸವರಿದಂಥ ಹೊಳಪು. ಒಳ್ಳೆಯದಾದರೆ ಮುರಿದಾಗ ಚಟ್ಟೆನ್ನುತ್ತದೆ. ನೀರಿಗೆ ಹಾಕಿದರೆ ಮುಳುಗಿ, ಕೆಲವೇ ನಿಮಿಷಗಳಲ್ಲಿ ಉಬ್ಬಿ ಮತ್ತೆ ಹೊಟ್ಟಾಗಿಬಿಡುತ್ತದೆ. ಹತ್ತು ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ತೇವವಿರುವ ಈ ಕಡ್ಡಿ ಗಾಳಿಯ ಪಸೆಯನ್ನು ಹೀರಿದರೆ ಉರಿಯ ಹದವೂ ಕೆಡುತ್ತದೆ ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಡಬೇಕು.

ಕರ್ನಾಟಕದ ಮನೆ, ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಬಳಕೆಯಲ್ಲಿದ್ದ ಹೊಟ್ಟಿನ ಒಲೆಯನ್ನು ಬಲ್ಲವರಿಗೆ ಇಲ್ಲಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಿಡಿದು, ಬಾಟಲಿ ಎಳೆದು ಉಳಿದ ತೂತಿನಲ್ಲಿ ಬೆಂಕಿ ಹಚ್ಚಿದರೆ, ತುಂಬಿದ್ದು ತೀರುವ ತನಕ ಆ ಒಲೆ ತನ್ನ ಪಾಡಿಗೆ ತಾನು ಉರಿಯುತ್ತಿತ್ತು. ನಡುವೆ ಹೆಚ್ಚು ಕಡಿಮೆ ಮಾಡಲು ಆಸ್ಪದ ಕಡಿಮೆ. ಅದೇ ಹೊಟ್ಟು ಪೆಲೆಟ್ ಆದಾಗ ಜೋಳದ ಕಾಳಿನಂತೆ ಹರಿಯಬಲ್ಲದು, ಹರಿಯುವುದರಿಂದ ಅದನ್ನು ಹೊತ್ತುಹೊತ್ತಿಗೆ ಅಳೆದು ಸುರಿಯಬಹುದು. ವಾಷಿಂಗ್ಟನ್ ರಾಜ್ಯದ ಜೆರಿ ವಿಟ್‌ಫೀಲ್ಡ್ ಎಂಬ ವಿಮಾನ ಉದ್ಯಮದ ಎಂಜಿನಿಯರ್ 1980ರ ದಶಕದ ಆರಂಭದಲ್ಲಿ ಈ ಗುಣವನ್ನು ಬಳಸಿ ಮನೆ ಬಿಸಿಮಾಡುವ ಪೆಲೆಟ್ ಸ್ಟವ್ ತಯಾರಿಸಿದ್ದು, ಗ್ರಿಲ್ಲಿಗೆ ಮುಂಚಿನ ಹೆಜ್ಜೆ.

ಆರೆಗನ್ನಿನ ಮೌಂಟ್ ಏಂಜೆಲ್, ಸ್ವಿಟ್ಜರ್ಲೆಂಡಿನ ಬೆನೆಡಿಕ್ಟಿನ್ ಸಂನ್ಯಾಸಿಗಳು 1882ರಲ್ಲಿ ಸ್ಥಾಪಿಸಿದ ಮಠದ ಸುತ್ತ ಜರ್ಮನ್ ಮೂಲದವರು ನೆಲೆಸಿದ ಪುಟ್ಟ ಊರು. ಅಲ್ಲಿ ಮನೆಗಳನ್ನು ಬಿಸಿಮಾಡುವ ಉಪಕರಣಗಳ ವ್ಯಾಪಾರ ನಡೆಸುತ್ತಿದ್ದ ಜೋ ಟ್ರೇಗರ್ 1985ರಲ್ಲಿ ಪೆಲೆಟ್ ಒಲೆಯ ತತ್ತ್ವವನ್ನು ಅಡುಗೆಗೆ ಹೊಂದಿಸಿ ಮೊದಲ ಪೆಲೆಟ್ ಗ್ರಿಲ್ ಕಟ್ಟಿದ. ಬಟ್ಜ್‌ನ ಗಾಳಿಬಾಯಿಗೂ ಇದಕ್ಕೂ ಸರಿಯಾಗಿ ನೂರು ವರ್ಷಗಳ ಅಂತರವಿರುವುದು ಕಾಕತಾಳೀಯವಷ್ಟೆ. ರಚನೆ ಸರಳವಾದದ್ದು: ಪಕ್ಕದಲ್ಲಿ ಪೆಲೆಟ್ ತುಂಬುವ ಹಾಪರ್ ಎಂಬ ತೊಟ್ಟಿ, ಅದರ ಬುಡದಿಂದ ಪೆಲೆಟ್‌ಗಳನ್ನು ನಿಧಾನವಾಗಿ ನೂಕಿಕೊಂಡು ಹೋಗುವ ಆಗರ್, ಅಂದರೆ ಕೊಳವೆಯೊಳಗೆ ತಿರುಗುವ ತಿರುಪು, ಆ ಕೊಳವೆಯ ಕೊನೆಯಲ್ಲಿ ಚೊಂಬಿಗಿಂತ ದೊಡ್ಡದಲ್ಲದ ಫೈರ್‌ಪಾಟ್ ಎಂಬ ಉರಿಬಟ್ಟಲು, ಅದಕ್ಕೆ ತೂತುಗಳ ಮೂಲಕ ಗಾಳಿ ಊದುವ ಫ್ಯಾನು, ಉರಿಯ ಮೇಲೆ ಕವುಚಿದ ತಗಡು, ಅದರ ಮೇಲೆ ಜಿಡ್ಡು ಹರಿದುಹೋಗಲು ಓರೆಯಾಗಿಟ್ಟ ತಟ್ಟೆ, ಅದಕ್ಕೂ ಮೇಲೆ ಮಾಂಸವಿಡುವ ಕಂಬಿಗಳು. ಜ್ವಾಲೆ ಮಾಂಸಕ್ಕೆ ತಾಗದೆ, ಬಿಸಿಗಾಳಿ ಮತ್ತು ಹೊಗೆ ಮಾತ್ರ ಅದರ ಸುತ್ತ ಸುಳಿಯುತ್ತವೆ.

ಆರಂಭದ ಗ್ರಿಲ್ಲುಗಳಿಗೆ ಇದ್ದದ್ದು ಕಡಿಮೆ, ನಡುವಣ, ಹೆಚ್ಚು ಎಂಬ ಮೂರು ಗುರುತುಗಳ ಒಂದು ಸ್ವಿಚ್ಚು. ಅದು ಕಾವನ್ನು ಅಳೆಯುತ್ತಿರಲಿಲ್ಲ. ಆಗರ್ ಎಷ್ಟು ಹೊತ್ತು ತಿರುಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ಮೂರು ಬಗೆಯ ಕಾಲಗಣನೆ ಅದರಲ್ಲಿತ್ತು, ಅಷ್ಟೆ. ಸೌದೆಯನ್ನು ಅಳೆದು ಹಾಕಿದ ಮೇಲೆ ಕಾವೂ ಅಳತೆಯಲ್ಲೇ ಇದ್ದೀತು ಎಂಬ ನಂಬಿಕೆ ಅದರ ಹಿಂದಿತ್ತು; ಆದರೆ ಬೇಸಗೆಯ ಮಧ್ಯಾಹ್ನ ಒಂದು ಕಾವು ಕೊಟ್ಟ ಗುರುತು ಮಂಜಿನ ಮುಂಜಾವಿನಲ್ಲಿ, ಗಾಳಿ ಬೀಸುವ ಹಿತ್ತಲಿನಲ್ಲಿ ಅದಕ್ಕಿಂತ ಬಹಳ ಕೆಳಗಿನ ಕಾವನ್ನೇ ಕೊಡುತ್ತಿತ್ತು. ತೆಳುವಾದ ತಗಡಿನ ಮೈ ಒಳಗಿನ ಬಿಸಿಯನ್ನು ಹೊರಗೆ ಬಿಟ್ಟುಕೊಡುತ್ತಿದ್ದರೂ ಅದನ್ನು ಸ್ವಿಚ್ಚಿಗೆ ತಿಳಿಸುವವರು ಯಾರೂ ಇರಲಿಲ್ಲ. ಹೀಗಾಗಿ ಗುರುತು ಬದಲಿಸುವ ಕೈಯೊಂದು ಗ್ರಿಲ್ಲಿನ ಬಳಿ ಇನ್ನೂ ಬೇಕಾಗಿತ್ತು.

ಮುಂದಿನ ಹೆಜ್ಜೆಯಾದ ಡಿಜಿಟಲ್ ಕಂಟ್ರೋಲರಿನಲ್ಲಿ ಕಾವನ್ನು ಅಳೆಯುವ ಕಡ್ಡಿಯೊಂದು ಸೇರಿತು. ಬಿಸಿ ಏರಿದಂತೆ ಲೋಹದ ವಿದ್ಯುತ್ ರೋಧವೂ ಏರುವುದನ್ನು, ವಿಶೇಷವಾಗಿ ಪ್ಲ್ಯಾಟಿನಮ್ಮಿನ ಈ ಗುಣವನ್ನು ಅಳತೆಗೆ ಬಳಸಬಹುದೆಂದು ವಿಲಿಯಂ ಸೀಮೆನ್ಸ್ 1871ರಲ್ಲಿಯೇ ತೋರಿಸಿದ್ದ. ಗ್ರಿಲ್ಲಿನ ಗೋಡೆಯ ಮೇಲೆ ಚಾಚಿಕೊಂಡಿರುವ ಬೆರಳುದ್ದದ ಕಡ್ಡಿ ಅದೇ ತತ್ತ್ವದ್ದು. ಆದರೂ ಹಳೆಯ ಕಾಲಗಣನೆ ಪೂರ್ತಿ ಹೋಗಲಿಲ್ಲ. ಹೊಗೆಯ ಗುರುತಿನಲ್ಲಿ ಆಗರ್ 15 ಸೆಕೆಂಡು ತಿರುಗಿ, ಪಿ-2 ಎಂಬ ನೆಲೆಯಲ್ಲಿದ್ದರೆ 65 ಸೆಕೆಂಡು ನಿಲ್ಲುತ್ತಿತ್ತು. ಪಿ-0 ಆದರೆ ನಿಲುಗಡೆ 45 ಸೆಕೆಂಡು, ಪಿ-5 ಆದರೆ 95. ಅಂದರೆ ಮೊದಲನೆಯದರಲ್ಲಿ ತಿರುಪು ಒಟ್ಟು ಹೊತ್ತಿನ ಐದನೆಯ ಒಂದು ಪಾಲಿಗೂ ತುಸು ಕಡಿಮೆ, ಎರಡನೆಯದರಲ್ಲಿ ಕಾಲು ಪಾಲು, ಮೂರನೆಯದರಲ್ಲಿ ಏಳನೆಯ ಒಂದು ಪಾಲಿನಷ್ಟು ಹೊತ್ತು ತಿರುಗುತ್ತಿತ್ತು. ಈ ಅಂಕಿಯನ್ನು ಬದಲಿಸುವ ಗುಂಡಿ ಮುಖಫಲಕದ ಸೂಜಿತೂತಿನೊಳಗೆ ಅಡಗಿತ್ತು. ಪೇಪರ್ ಕ್ಲಿಪ್ಪಿನ ತುದಿಯಿಂದ ಅದನ್ನು ಒತ್ತಬೇಕಿತ್ತು. ಚಳಿಗೆ ಅಂಕಿ ಇಳಿಸುವುದು, ಸೆಕೆಗೆ ಏರಿಸುವುದು, ಆದರೆ ತೀರ ಏರಿಸಿದರೆ ಎರಡು ಸುರಿವುಗಳ ನಡುವೆ ಉರಿ ಆರಿಹೋಗುವುದು: ಪಿಟ್‌ಮಾಸ್ಟರನ ಸಲಿಕೆಯ ವಿವೇಕದಲ್ಲಿ ಸ್ವಲ್ಪ ಈ ಸೂಜಿತೂತಿನಲ್ಲಿ ಉಳಿದುಕೊಂಡಿತ್ತು ಎನ್ನಬಹುದು.

ಉಳಿದ ಗುರುತುಗಳಲ್ಲಿ ಈ ಕಂಟ್ರೋಲರಿನ ತರ್ಕ ಒರಟಾದದ್ದು: ಗುರಿಗಿಂತ ಕಾವು ಕೆಳಗಿದ್ದರೆ ಪೆಲೆಟ್ ಸುರಿ, ಮೇಲಿದ್ದರೆ ಉರಿ ಆರದಷ್ಟು ಮಾತ್ರ ಸುರಿ. ಈ ತರ್ಕಕ್ಕೆ ಉರಿ ಒಪ್ಪದಿರುವುದಕ್ಕೆ ಕಾರಣ ತಡ. ಬಟ್ಟಲಿಗೆ ಬಿದ್ದ ಪೆಲೆಟ್ ಆ ಕ್ಷಣವೇ ಬಿಸಿ ಕೊಡುವುದಿಲ್ಲ. ಮೊದಲು ತಾನೇ ಬಿಸಿ ಹೀರಿ, ಕೆಂಡವನ್ನು ಮಂಕಾಗಿಸಿ, ಹೊಗೆಯುಗುಳಿ, ಆಮೇಲಷ್ಟೇ ಹೊತ್ತಿಕೊಳ್ಳುತ್ತದೆ. ಕಾವು ಇಳಿದಿದೆಯೆಂದು ಇಂಧನ ಸುರಿದಾಗ ಅದು ಇನ್ನಷ್ಟು ಇಳಿದು, ಇಳಿಯಿತೆಂದು ಮತ್ತಷ್ಟು ಸುರಿದು, ಕೊನೆಗೆ ಎಲ್ಲವೂ ಒಟ್ಟಿಗೆ ಹೊತ್ತಿಕೊಂಡು ಗುರಿಯನ್ನು ದಾಟಿ ಮೇಲೇರುತ್ತಿತ್ತು. ಗುರಿಯ ಆಚೀಚೆ ಹತ್ತು ಹದಿನೈದು ಡಿಗ್ರಿ ಸೆಲ್ಸಿಯಸ್ ತೂಗುವುದು ಸಾಮಾನ್ಯವಾಗಿತ್ತು. ಮಾಂಸ ನೋಡಲೆಂದು ಮುಚ್ಚಳ ತೆರೆದರಂತೂ, ಕಡ್ಡಿಗೆ ತಾಗಿದ ತಣ್ಣನೆಯ ಗಾಳಿಯನ್ನೇ ಉರಿಯ ಸೋಲೆಂದು ಭಾವಿಸಿ ಯಂತ್ರವು ಬಟ್ಟಲನ್ನು ತುಂಬಿಸುತ್ತಿತ್ತು, ಮುಚ್ಚಳ ಹಾಕಿದ ಮೇಲೆ ಕಾವು ಎಲ್ಲೆ ಮೀರುತ್ತಿತ್ತು. ಬಟ್ಟಲಲ್ಲಿ ಬೂದಿ ಕಟ್ಟಿ ಗಾಳಿಯ ತೂತು ಮುಚ್ಚಿದರೆ, ತೇವ ಹೀರಿದ ಪೆಲೆಟ್ ತಿರುಪಿನಲ್ಲಿ ಪುಡಿಯಾದರೆ, ಅಳೆಯುವ ಕಡ್ಡಿಗೆ ಜಿಡ್ಡು ಮಸಿ ಮೆತ್ತಿದರೆ ತೂಗಾಟ ಇನ್ನೂ ದೊಡ್ಡದು. ಬೂದಿ ಬಳಿದು ತೆಗೆಯುವ, ಕಡ್ಡಿ ಒರೆಸುವ ಕೆಲಸವನ್ನು ಯಾವ ಕಂಟ್ರೋಲರೂ ಈವರೆಗೆ ವಹಿಸಿಕೊಂಡಿಲ್ಲ.

ಟ್ರೇಗರ್‌ನ ಪೇಟೆಂಟಿನ ಅವಧಿ 2006ರಲ್ಲಿ ಮುಗಿಯಿತು. ಬೇರೆ ತಯಾರಕರು ಕಣಕ್ಕಿಳಿದು ಪೈಪೋಟಿ ಆರಂಭವಾದಾಗ, ಅದು ನಡೆದದ್ದು ಮುಖ್ಯವಾಗಿ ಕಾವಿನ ಸ್ಥಿರತೆಯ ಮೇಲೆಯೇ. ಅದಕ್ಕೆ ಒದಗಿದ್ದು ಪಿ.ಐ.ಡಿ. ಎಂಬ ನಿಯಂತ್ರಣದ ಲೆಕ್ಕ. ಇದರ ಹುಟ್ಟು ಅಡುಗೆಮನೆಯಿಂದ ಬಹುದೂರ, ಹಡಗಿನ ಚುಕ್ಕಾಣಿಯ ಬಳಿ: ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಿಕೊಲಾಸ್ ಮಿನೋರ್ಸ್ಕಿ, ನುರಿತ ಚುಕ್ಕಾಣಿಗ ಹಡಗನ್ನು ನೇರ ನಡೆಸುವ ಬಗೆಯನ್ನು ಗಮನಿಸಿ, 1922ರಲ್ಲಿ ಅದನ್ನು ಗಣಿತಕ್ಕೆ ಇಳಿಸಿದ. ಗುರಿಯಿಂದ ಈಗ ಎಷ್ಟು ದೂರ, ಆ ದೂರ ಎಷ್ಟು ಹೊತ್ತಿನಿಂದ ಕೂಡಿಬಂದಿದೆ, ಅದು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬ ಮೂರನ್ನೂ ತೂಗಿ ಕೈಯಾಡಿಸುವುದು ಆ ಲೆಕ್ಕದ ತಿರುಳು. ಗ್ರಿಲ್ಲಿಗೆ ಬಂದಾಗ ಇದರ ಅರ್ಥವೆಂದರೆ, ಕಾವು ಗುರಿಯನ್ನು ಮುಟ್ಟುವ ಮೊದಲೇ ಅದು ಏರುವ ವೇಗವನ್ನು ಕಂಡು ಸುರಿಯುವುದನ್ನು ಕಡಿಮೆ ಮಾಡುವುದು, ದಿನವಿಡೀ ಚಳಿಯಿಂದ ತುಸು ಕೆಳಗೇ ನಿಂತಿದ್ದರೆ ನಿಧಾನವಾಗಿ ಹೆಚ್ಚಿಸುವುದು. ಅಂಗೈ ಹಿಡಿದು ಎಣಿಸುತ್ತಿದ್ದವನು ಮಾಡುತ್ತಿದ್ದದ್ದೂ ಇದನ್ನೇ ಆದರೂ ಅವನ ಲೆಕ್ಕಕ್ಕೆ ಹೆಸರಿರಲಿಲ್ಲ. ಫ್ಯಾನಿನ ವೇಗವನ್ನೂ ಬದಲಿಸಬಲ್ಲ ಮೋಟಾರುಗಳು ಬಂದ ಮೇಲೆ ತೂಗಾಟ ಎರಡು ಮೂರು ಡಿಗ್ರಿಗಳಿಗೆ ಇಳಿಯಿತೆಂದು ತಯಾರಕರು ಹೇಳಿಕೊಳ್ಳತೊಡಗಿದರು.

ಹೀಗೆ ಗೆದ್ದ ಮೇಲೆ ಸೋಲು ಬೇರೆ ಕಡೆಯಿಂದ ಕಾಣಿಸಿಕೊಂಡಿತು. ಬಾರ್ಬೆಕ್ಯೂವಿನ ರುಚಿ ಹೊಗೆಯದು; ಹೊಗೆಯ ಪರಿಮಳ ಹುಟ್ಟುವುದು ಗಾಳಿ ಸಾಲದೆ ಮರ ಕಮರುವಾಗ, ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ದ್ರವ್ಯಗಳು ಹೊರಬೀಳುವಾಗ. ಪುಟ್ಟ ಬಟ್ಟಲಿನಲ್ಲಿ ಫ್ಯಾನಿನ ಗಾಳಿಗೆ, ಬೇಕಾದಷ್ಟೇ ಇಂಧನದಿಂದ ನಿಗಿನಿಗಿ ಉರಿಯುವ ಬೆಂಕಿಗೆ ಹೊಗೆ ಕಡಿಮೆ. ಹಳೆಯ ಒರಟು ಕಂಟ್ರೋಲರು ಇಳಿತದಲ್ಲಿ ಪೆಲೆಟ್ ರಾಶಿ ಸುರಿದು ಕಮರಿಸುತ್ತಿದ್ದಾಗ ಏಳುತ್ತಿದ್ದ ಹೊಗೆಯೇ ಮಾಂಸಕ್ಕೆ ಬಣ್ಣ, ವಾಸನೆ ಕೊಡುತ್ತಿತ್ತು. ದೋಷವೆಂದು ತಿದ್ದಿದ ತೂಗಾಟದ ಜೊತೆಗೆ ಅದೂ ತೊಳೆದುಹೋಯಿತು. ಟೆಕ್ಸಾಸಿನ ಕಟ್ಟಿಗೆಯ ಪಕ್ಷಪಾತಿಗಳು ಪೆಲೆಟ್ ಗ್ರಿಲ್ಲನ್ನು ಮನೆಯೊಳಗಿನ ಅವನ್ನಿಗೆ ಹೋಲಿಸಿ ಹಂಗಿಸುವುದರಲ್ಲಿ ಅತಿಶಯವಿದೆ, ಪೂರ್ತಿ ಸುಳ್ಳಿಲ್ಲ.

ತಯಾರಕರ ಉತ್ತರ ಕುತೂಹಲಕರವಾದದ್ದು. ಹೆಚ್ಚು ಹೊಗೆ ಎಂಬ ಗುಂಡಿಯೊಂದನ್ನು ಸೇರಿಸಿ, ಅದನ್ನು ಒತ್ತಿದಾಗ ಸುಮಾರು 107 ಡಿಗ್ರಿಯೊಳಗಿನ ಕಡಿಮೆ ಕಾವಿನಲ್ಲಿ ಫ್ಯಾನನ್ನು ಬೇಕೆಂದೇ ತಡೆತಡೆದು ಓಡಿಸುವಂತೆ, ಪೆಲೆಟ್ ಕಮರುವಂತೆ ಮಾಡಿದರು. ಅಷ್ಟಕ್ಕೂ ತೃಪ್ತರಾಗದ ಬಳಕೆದಾರರು ಅಂಗಡಿಯಿಂದ ಗೇಣುದ್ದಕ್ಕೂ ಹೆಚ್ಚಿನ, ಮೈತುಂಬ ತೂತುಗಳಿರುವ ಉಕ್ಕಿನ ಕೊಳವೆಯೊಂದನ್ನು ತರುತ್ತಾರೆ. ಅದರಲ್ಲಿ ಪೆಲೆಟ್ ತುಂಬಿ, ಒಂದು ತುದಿಗೆ ಟಾರ್ಚಿನಿಂದ ಬೆಂಕಿ ಹಚ್ಚಿ, ಕೆಲವು ನಿಮಿಷ ಉರಿಯಲು ಬಿಟ್ಟು, ಜ್ವಾಲೆಯನ್ನು ಊದಿ ಆರಿಸಿ, ಮಾಂಸದ ಪಕ್ಕದಲ್ಲಿಯೇ ಕಂಬಿಗಳ ಮೇಲೆ ಮಲಗಿಸುತ್ತಾರೆ. ಕೆಳಗೆ ಆಗರ್ ಲೆಕ್ಕ ಹಾಕಿ ತಿರುಗುತ್ತಿರುವಾಗ, ಮೇಲೆ ಆ ಕೊಳವೆ ನಾಲ್ಕಾರು ಗಂಟೆ ಯಾರ ಸನ್ನೆಗೂ ಕಾಯದೆ, ಹೊಟ್ಟಿನ ಒಲೆಯಂತೆ, ತನ್ನ ಪಾಡಿಗೆ ತಾನು ಕಮರುತ್ತಿರುತ್ತದೆ.